ಮಿಲನ್‌ಸಾರ್ ಎಂಬ ಬಿರುದು

ಗೆಳೆಯರೇ, ನಿಜಾಮ್ ಸರ್ಕಾರದಲ್ಲಿ ಆರು ವರ್ಷ ಗುಮಾಸ್ತಗಿರಿ ಮಾಡಿದ್ದಕ್ಕೆ ಇವತ್ತು ಲಿಂಗಸುಗೂರಿನ ತಹಸೀಲ್ದಾರ್ ಸಾಹೇಬರು ಉರ್ದುವಿನಲ್ಲಿ ಒಂದು ಶಿಫಾರಸು ಪತ್ರ ಬರೆದುಕೊಟ್ಟರು. ಅದರಲ್ಲಿ ನಾನು ‘ಬಡಾ ಮಿಲನ್‌ಸಾರ್ ಆದ್ಮಿ’! ಕಚೇರಿಯಿಂದ ಮನೆಗೆ ನಾನು ನಡೆದು ಬರಲಿಲ್ಲ, ತೇಲಿ ಬಂದೆ.

ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಆರು ವರ್ಷದಿಂದ ದಿನಾ ನಮಗೆ ಮಜ್ಜಿಗೆ ಕೊಡುವಾಕೆ. ಆಕೆಗೂ ಪತ್ರ ಓದಿ ಹೇಳಿದೆ.

“ಹಂಗಂದ್ರೇನ್ರೀ?”

“ಎಲ್ಲಾರ ಜೋಡಿ ಕೂಡಿ ಬೆರಿಯೋ ಮನಶ್ಯಾ ಅಂತ, ಅವ್ವಾ.”

“ಹೌದಾ? ಹಂಗಾರ ನನ್ನ ಹೆಸರೇನು ಹೇಳ್ರಿ ನೋಡೂಣು.”

ನಮ್ಮ ಕಡೆ ಅವ್ವ, ಅಕ್ಕ, ಕಾಕಾ ಎಂದರೆ ಸಾಕು, ಯಾರ ಹೆಸರೂ ತಿಳಿಯದೆ ಜೀವನ ಸಾಗುತ್ತದೆ. ಉತ್ತರ ಅದರಲ್ಲೇ ಇದೆಯೇನೋ ಎಂಬಂತೆ ಪತ್ರವನ್ನೇ ನೋಡುತ್ತ ನಿಂತೆ.

ಒಳಗೆ ಬಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

“ನನಗ ಗೊತ್ತೈತಿ, ಆದ್ರ ಹೇಳಂಗಿಲ್ಲ. ಬೆರಿಯೋ ಮನಶ್ಯಾರು ನೀವು, ಹೋಗಿ ಕೇಳ್ರಿ” ಎಂದಳು.

ಮುದುಕಿ ಇನ್ನೂ ಕಟ್ಟೆಯ ಮೇಲೇ ಇದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಆಕೆಯ ಹೆಸರು ಗೊತ್ತಿದ್ದರೆ ದಯವಿಟ್ಟು ಹಿತ್ತಲ ಬಾಗಿಲಿಗೆ ಬಂದು ಹೇಳಿ. ಮುಂದಿನ ಬಾಗಿಲಿಗೆ ನಾನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದೇನೆ.