ನಿಂತರ ಆಡೋ ವೈಪರ್

ನಿಜಾಮರ ಕಾಲದಾಗ ನಾ ಒಬ್ಬ ಜಾಗೀರದಾರರ ಡ್ರೈವರ್. ಅವರ ಮಗಳಿಗಿ ಹೆರಿಗಿ ಬ್ಯಾನಿ ಎದ್ದಾವಂತ, ಅವರ ಎರಡು ಸೀಟಿನ ಓಟದ ಕಾರಿನಾಗ ಜಹೀರಾಬಾದಿನ ಸೂಲಗಿತ್ತಿನ್ನ ಕೂಡಿಸಿಕೊಂಡು ನಾರಾಯಣಖೇಡಕ್ಕ ಹೊಂಟಿದ್ದೆ. ರಾಯಿಕೋಡ್ ಹತ್ರ ಮಳಿ ಹೊಡೀತು. ಇಂಜಿನ್ ಗಾಳಿ ಎಳಕೊಳ್ಳೋ ಬಲದ ಮ್ಯಾಲ ಆ ಕಾರಿನ ವೈಪರ್ ನಡೀತಿತ್ತು. ಕಾರು ನಿಂತರ ಜೋರು ಆಡೂದು, ವೇಗ ಕೊಟ್ಟರ ನಿಂತೇಬಿಡೂದು.

"ಲಗು ಹೊಡಿಯಪ್ಪಾ, ಚೊಚ್ಚಲ ಹೆರಿಗಿ ಅದ," ಅಂದಳು ಸೂಲಗಿತ್ತಿ.

ಲಗು ಹೊಡದರ ದಾರಿನೇ ಕಾಣವಲ್ದು. ಇಳಿದು ವೈಪರಿನ ರಬ್ಬರ್ ನಳಿಗಿ ಬಿಚ್ಚಿ ಊದಿದೆ, ತಿರುಗಿ ಹಾಕಿದೆ. ಮತ್ತ ಅದೇ ಹಾಡು. ಅಲ್ಲೇ ಕುರಿ ಮೇಯಿಸ್ತಿದ್ದ ಮುದುಕ, "ಸರೀರಿ, ನಾ ಒರಸ್ತೀನಿ," ಅಂತ ಮೈಮ್ಯಾಲಿನ ಹೊಸ ಕಂಬಳಿಲೆ ಗಾಜು ತಿಕ್ಕಿದ. ಕಂಬಳಿಗಿ ಹಾಕಿದ್ದ ಹುಣಸಿಬೀಜದ ಗಂಜಿ ಮಳಿಗಿ ಕರಗಿ ಗಾಜಿಗೆಲ್ಲಾ ಬಳಕೊಂಡಿತು.

"ತಪ್ಪಾತ್ರಿ," ಅಂದ ಪಾಪ.

ತಲಿ ಹೊರಗ ಚಾಚಿ, ಎತ್ತಿನ ಬಂಡಿಯಂಗ ಕಾರು ನಡಸಿದೆ. ಜಾಗೀರದಾರರ ವಾಡೇದ ಬಾಗಿಲಿಗಿ ಬಂದಾಗ ಮಳಿ ನಿಂತು ಗಾಜು ಒಣಗಿತ್ತು. ಸೂಲಗಿತ್ತಿ ಒಳಗ ಓಡಿದಳು. ಅಳು ಕೇಳಿಸ್ತು. ಕೂಸಿಂದಲ್ಲ, ಹೆಂಗಸರದು.

ಇಂಜಿನ್ ಬಂದ್ ಮಾಡೂದು ಮರತಿದ್ದೆ. ಒಣ ಗಾಜಿನ ಮ್ಯಾಲ ವೈಪರ್ ಭಾಳ ಚಂದ ಆಡ್ತಿತ್ತು.