ಓಡದಂತೆ ಕಟ್ಟಿದ ಕಾಲು

ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಮೋಟಾರ್ ವೈಂಡಿಂಗ್ ಮಾಡುತ್ತಿದ್ದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವಾಗ ಗಿರಾಕಿಗಳಿಗೆ ಹೇಳುತ್ತಿದ್ದುದು ಒಂದೇ ಮಾತು, ಇದರ ಮೇಲೆ ಹೆಚ್ಚು ಲೋಡ್ ಹಾಕಬೇಡಿ. ನನ್ನ ಮಗಳ ವಿಷಯದಲ್ಲೂ ಹಾಗೇ ನಡೆದುಕೊಂಡೆ.

ಹುಟ್ಟುವಾಗಲೇ ಅವಳ ಹೃದಯದ ಒಂದು ಭಾಗ ಬೆಳೆದಿರಲಿಲ್ಲ. ಎರಡು ಸಲ ಎದೆ ಕೊಯ್ದರು. ಬದುಕಿ ಮನೆಗೆ ಬಂದ ಮೇಲೆ, ಅವಳು ಓಡುವುದನ್ನು ಕಂಡರೆ ನನಗೆ ಕಣ್ಣು ಕತ್ತಲಿಡುತ್ತಿತ್ತು. ಆ ಭಯ ಕೈಗೆ ಇಳಿಯುತ್ತಿತ್ತು. ಕುಂಟೆಬಿಲ್ಲೆ ಆಡಿದ್ದಕ್ಕೆ ಬೆಲ್ಟ್ ಬಿಚ್ಚಿ ಮೀನಖಂಡದ ಮೇಲೆ ಬಾರಿಸಿದೆ. ಅತ್ತು ಅತ್ತು ತುಟಿ ನೀಲಿಯಾಯಿತು. ಆಟದಿಂದಲೇ ಹೀಗಾಯಿತೆಂದು ಇನ್ನೆರಡು ಬಿಗಿದೆ. ಅವಳನ್ನು ಓಟಕ್ಕೆ ನಿಲ್ಲಿಸಿದ ಪಿ.ಟಿ. ಮೇಷ್ಟ್ರ ಕಾಲರ್ ಹಿಡಿದು ಗೋಡೆಗೆ ಗುದ್ದಿದೆ, ಅವರ ಹಲ್ಲು ಮುರಿಯಿತು. ಅಡ್ಡ ಬಂದರೆ ಹೆಂಡತಿಗೂ ಬೀಳುತ್ತಿತ್ತು. ಬೇಸಿಗೆ ರಜೆಯಲ್ಲಿ ಶೆಡ್ಡಿಗೆ ಹೊರಡುವ ಮುಂಚೆ, ತಂತಿ ಬಿಗಿಯುವ ಕಾಟನ್ ಟೇಪಿನಿಂದ ಅವಳ ಕಾಲನ್ನು ಮಂಚಕ್ಕೆ ಕಟ್ಟುತ್ತಿದ್ದೆ. ಪ್ರೀತಿಯಿಂದ ಕಟ್ಟಿದೆ ಎಂದು ಬರೆಯಲು ಹೊರಟಿದ್ದೆ. ಬೇಡ. ಸಿಟ್ಟಿನಿಂದಲೇ ಕಟ್ಟಿದೆ.

ಕಳೆದ ವರ್ಷ ಅವಳ ಕಾಲು ಬಾತುಕೊಂಡಿತು. ಆಗ ಅವಳಿಗೆ ಇಪ್ಪತ್ತಾರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದರು. ಅವಳಿಗೆ ಏಳಲಾಗಲಿಲ್ಲ. ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವ ಕೋಣೆಯೇ ಇವಳ ಹೃದಯದಲ್ಲಿಲ್ಲ, ನಡೆಯುವಾಗ ಕಾಲಿನ ಸ್ನಾಯು ಹಿಂಡಿದರೆ ರಕ್ತ ಸಲೀಸಾಗಿ ಮೇಲೇರುತ್ತದೆ, ಈಗ ಆ ಸ್ನಾಯುವೇ ಸೊರಗಿದೆ ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವರನ್ನ ನಡೆಯೋಕೇ ಬಿಟ್ಟಿಲ್ವಾ ನೀವು?"

ಓಡಾಡಬಾರದೆಂದು ಹಿಂದೆ ಯಾವ ಡಾಕ್ಟರಾದರೂ ಹೇಳಿದ್ದರೇ ಎಂದೂ ಕೇಳಿದರು. ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ.

ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಅವಳು ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತತೊಡಗಿದಳು. ದಣಿದಾಗ ನಿಂತು, ಸುಧಾರಿಸಿಕೊಂಡು, ಮತ್ತೆ ಹತ್ತಬೇಕು. ಒಂದು ಸಂಜೆ ಎರಡನೇ ಮಹಡಿಯ ಹತ್ತಿರ ಏದುಸಿರು ಬಿಡುತ್ತಾ ನಿಂತಳು. ಸಾಕು, ಇಳಿ ಎಂದು ಕೂಗಿದೆ. ಅವಳು ಇಳಿಯಲಿಲ್ಲ. ದಡದಡನೆ ಹತ್ತಿ ಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಈ ವಯಸ್ಸಿನಲ್ಲೂ ನನ್ನ ಇನ್ನೊಂದು ಕೈ ಮೇಲಕ್ಕೆದ್ದಿತ್ತು.

"ಹೊಡಿ ಅಪ್ಪ," ಎಂದಳು. "ಹೊಡುದ್ರೂ ಹತ್ತೇ ಹತ್ತೀನಿ."

ಕೈ ಬಿಟ್ಟೆ. ಅವಳ ರಟ್ಟೆಯ ಮೇಲೆ ನನ್ನ ಬೆರಳುಗಳು ಮೂಡಿದ್ದವು. ಅವಳು ಗೋಡೆಗೊರಗಿ ಉಸಿರು ಸಮಕ್ಕೆ ತಂದುಕೊಂಡು, ಒಬ್ಬಳೇ ತಾರಸಿಯವರೆಗೆ ಹೋದಳು.

ಈಗ ಅವಳು ಹತ್ತಲು ಹೋಗುವಾಗ ನಾನು ಮನೆಯೊಳಗೇ ಇರಬೇಕು. ಹೊರಗಿನಿಂದ ಚಿಲಕ ಹಾಕಿಕೊಂಡೇ ಹೋಗುತ್ತಾಳೆ.