ಅವ್ವ ಹೇಳದೆ ಬಿಟ್ಟ ತರಕಾರಿಗಳು

ಗೆಳೆಯರೇ, ಇವತ್ತು ನಮ್ಮ ಐನಾಪುರದ ಮನೆಯಲ್ಲಿ ಮನಶ್ಶಾಸ್ತ್ರ ಸೋತಿತು. ವಯಸ್ಸಾದಂತೆ ನೆನಪು ಕುಂದುತ್ತದೆ ಎಂದು ಪ್ರಾಜೆಕ್ಟಿನಲ್ಲಿ ಸಾಧಿಸಲು, ಬಿ.ಎ. ಓದುವ ಮಗಳು ಟೇಪ್‌ರೆಕಾರ್ಡರ್ ಒತ್ತಿ, ನನ್ನ ಅವ್ವನಿಗೆ ತರಕಾರಿಗಳ ಹೆಸರು ಓದಿದಳು. ಅವ್ವ ಬದನೆ, ಬೆಂಡೆ, ಹೀರೆ ಎಲ್ಲವನ್ನೂ ತಿರುಗಿ ಹೇಳಿ, ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ ಮಾತ್ರ ಬಿಟ್ಟಳು.

"ಮರ್ತಿ ನೋಡು, ಆಯಿ!" ಎಂದು ಮಗಳು ಕುಣಿದಳು.

"ಮರ್ತಿಲ್ಲ ಬೇ. ನಮ್ಮ ಜೈನರ ಮನ್ಯಾಗ ನೆಲದಾಗಿನ ಗಡ್ಡಿ ತಿನ್ನಾಂಗಿಲ್ಲ, ಹೆಸರರೆ ಯಾಕ ಬಾಯಾಗ ತರ್ಲಿ?"

"ಒಮ್ಮೆರೆ ಹೇಳು ಆಯಿ, ಪ್ರಯೋಗ ಕೆಡತೈತಿ."

"ಶುಕ್ರವಾರ ಕಾಲೇಜಿಂದ ಬಂದಾಗ ನಿನ್ನ ಬಾಯಾಗ ಯಾವ ಗಡ್ಡಿ ವಾಸನಿ ಇತ್ತು, ಅದೂ ನೆನಪೈತಿ. ನಿಮ್ಮಪ್ಪನ ಮುಂದ ಹೇಳ್ಲೇನು?"

ಆ ಅಪ್ಪನಾದ ನಾನು ಪಕ್ಕದಲ್ಲೇ ಕೂತಿದ್ದೆ. ಮಗಳು ಟೇಪ್ ನಿಲ್ಲಿಸಿದಳು. ಈಗ ಓಣಿಯಲ್ಲಿ ಮರೆವಿನ ಮುದುಕಿಯರನ್ನು ಹುಡುಕುತ್ತಿದ್ದಾಳೆ, ಒಬ್ಬರೂ ಸಿಕ್ಕಿಲ್ಲ.